ಶಾರದಮ್ಮನ ಡ್ರಾಯರ್

"ಅಮ್ಮ, ಬೆಳಿಗ್ಗೆ ಕೊಟ್ನಲ್ಲ, ಆ ರಾಜೀನಾಮೆ ವಾಪಸ್ ಕೊಟ್ಬುಡಿ," ಎಂದು ಮಹದೇವ ಕೈ ಚಾಚಿ ನಿಂತ. ಮೇಲ್ವಿಚಾರಕನ ಮೇಲಿನ ಸಿಟ್ಟೆಲ್ಲ ಊಟದ ಹೊತ್ತಿಗೆ ಇಳಿದುಹೋಗಿ ಮುಖ ಪೆಚ್ಚಾಗಿತ್ತು.

ಗಿಂಡಿ ಕೈಗಾರಿಕಾ ಪ್ರದೇಶದ ಆ ಪಂಪ್ ಕಾರ್ಖಾನೆಯಲ್ಲಿ ಯಾರು ಮುನಿಸಿಕೊಂಡು ರಾಜೀನಾಮೆ ಬರೆದರೂ ಅದು ಬೀಳುತ್ತಿದ್ದುದು ಸಿಬ್ಬಂದಿ ವಿಭಾಗದ ಶಾರದಮ್ಮನ ಡ್ರಾಯರಿಗೆ. ಅವರು ಅದನ್ನು ಕೂಡಲೇ ಮೇಲಕ್ಕೆ ಕಳಿಸುತ್ತಿರಲಿಲ್ಲ. ಎರಡು ಮೂರು ದಿನ ಬಿಟ್ಟು, ಕೊಟ್ಟವನೇ ತಲೆ ಕೆರೆದುಕೊಂಡು ಬರುತ್ತಿದ್ದ. ಚೆನ್ನಾಗಿ ಬೈದು, ಕಾಗದ ಹರಿದು ಅವನ ಕೈಗೇ ಹಾಕುತ್ತಿದ್ದರು. ಮಹದೇವನೂ ಹಾಗೆ ಬೈಸಿಕೊಂಡವನೇ.

"ಈಗ ಕಾಗದ ಎಲ್ಲಿ ಬಂತಪ್ಪಾ? ನೀನು ಮೊಬೈಲಲ್ಲಿ ಒತ್ತಿದ್ದು ನೇರ ಹೆಡ್ ಆಫೀಸಿಗೆ ಹೋಗಿದೆ," ಎಂದ ಶಾರದಮ್ಮ, ಹೊಸ ಸಾಫ್ಟ್‌ವೇರ್ ತಂದಿದ್ದ ಉದಯ್‌ನನ್ನು ಕರೆಸಿದರು. "ಕೊಂಚ ನೋಡಪ್ಪಾ, ಏನಾದರೂ ಮಾಡು."

ಉದಯ್ ಲ್ಯಾಪ್‌ಟಾಪ್ ತೆರೆದ, ಹೆಡ್ ಆಫೀಸಿಗೆ ಫೋನ್ ಮಾಡಿದ, ಆಮೇಲೆ ತಲೆ ತಗ್ಗಿಸಿದ.

"ಆಗಲೇ ಅಂಗೀಕಾರ ಆಗಿದೆ ಮೇಡಂ. ಜನ ಕಡಿಮೆ ಮಾಡಬೇಕು ಅಂತ ಕಾಯ್ತಾ ಇದ್ರಂತೆ. ವಾಪಸ್ ಇಲ್ಲ ಅಂದ್ರು."

"ಒಂದೆರಡು ದಿನ ತಡೆದಿಟ್ಕೊಳ್ಳೋ ಹಾಗೆ ಅದರಲ್ಲಿ ಏನೂ ಇಲ್ವಾ?"

"ಇಡಬಹುದಿತ್ತು. ಶುರುವಿನಲ್ಲೇ ನಿಮ್ಮನ್ನ ಕೇಳಿದ್ನಲ್ಲ ಮೇಡಂ, ರಾಜೀನಾಮೆಗಳು ನಿಮ್ಮ ಹತ್ರ ಯಾಕೆ ನಿಂತುಬಿಡ್ತವೆ ಅಂತ. ಪುರುಸೊತ್ತೇ ಆಗಲ್ಲ ಅಂದ್ರಿ. ತಡ ಅಂತ ಬರ್ಕೊಂಡೆ, ನಿಮ್ಮ ಹತ್ರ ಬರೋ ಹಂತಾನೇ ತೆಗೆದುಹಾಕಿದೆ."

ಆವತ್ತು ನಿಜ ಶಾರದಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನಿಯಮ ಮೀರಿದ್ದು ನಿವೃತ್ತಿಯ ಹೊಸ್ತಿಲಲ್ಲಿ ಕುತ್ತಿಗೆಗೆ ಬಂದೀತೆಂದು ಹೆದರಿ ನುಂಗಿಕೊಂಡಿದ್ದರು. ಸೋಮಾರಿ ಅನ್ನಿಸಿಕೊಂಡರೆ ಗಂಟೇನು ಹೋಗುತ್ತದೆ ಎಂದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿಯೂ ಇದ್ದರು. ಅಷ್ಟು ವರ್ಷ ಊರವರ ಕೆಲಸವನ್ನೆಲ್ಲ ಕಾದವರು, ಕೊನೆಗೆ ಕಾದುಕೊಂಡದ್ದು ತಮ್ಮದನ್ನು ಮಾತ್ರ.

"ತಪ್ಪು ನನ್ನದೇ ಮಹದೇವಾ," ಎಂದರು. "ಆದರೂ ಒತ್ತೋಕೆ ಮುಂಚೆ ನನ್ನ ಹತ್ರ ಒಂದು ಮಾತು ಹೇಳಬಾರದಿತ್ತೇನೋ?"

ಮಹದೇವ ಚಾಚಿದ್ದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ.

"ಎಲ್ಲಿ ಒತ್ತುದ್ರೂ ನಿಮ್ ತಾವ್ಕೇ ಬತ್ತದೆ ಅನ್ಕಂಡಿದ್ದೆ. ನೀವಿದ್ದೀರಲ್ಲಾ ಅಂತ್ಲೇ ಅಮ್ಮ, ನಾನ್ ಒತ್ತಿದ್ದು."