ಕ್ಯಾಮೆರಾ ಕಾಣದ ಕಡೆ

ಅಡುಗೆಮನೆಯಲ್ಲಿ ಅವಳು ಗೋಡೆಯನ್ನು ಹೆಗಲಿನಿಂದ ಒತ್ತಿ ಹಿಡಿದು ನಿಂತಿದ್ದಳು. ಪತ್ರಿಕೆಯವರು ಬಾಗಿಲು ತಟ್ಟುವ ಹೊತ್ತಿಗೇ ಗೋಡೆಗೆ ಹಿಂದಿನಿಂದ ಆಸರೆ ಕೊಟ್ಟಿದ್ದ ಮರದ ಪಟ್ಟಿ ಸೀಳಿಹೋಗಿತ್ತು. “ಅವರು ಹೋಗೋವರೆಗೂ ಅಲ್ಲಾಡಬೇಡ, ಬಿಟ್ರೆ ಬಿದ್ದೇ ಬೀಳುತ್ತೆ” ಎಂದು ಹೇಳಿ ಗಂಡ ಆಚೆ ಓಡಿದ್ದ. ನಲವತ್ತು ವರ್ಷ ಸಿನಿಮಾ ಸೆಟ್ಟುಗಳ ಬಡಗಿಯಾಗಿ ದುಡಿದವನು, ಇದ್ದ ಒಂದೇ ಕೋಣೆಗೆ ಅಡ್ಡಲಾಗಿ ಪ್ಲೈವುಡ್ ಗೋಡೆ ನಿಲ್ಲಿಸಿ, ಮುಂದಿನ ಅರ್ಧವನ್ನು ಹಳೆಯ ಕಪ್ಪು-ಬಿಳುಪು ಚಿತ್ರಗಳ ಬಂಗಲೆಯಂತೆ ಸಿಂಗರಿಸಿದ್ದ.

ಆ ಬದಿಗೆ ಹೂಬಳ್ಳಿಯ ಕಾಗದ, ಕುಚ್ಚು ಇಳಿಬಿಟ್ಟ ದೀಪ, ಲೋಲಕದ ಗಡಿಯಾರ. ಈ ಬದಿಗೆ ಬೋಳು ಹಲಗೆ, ಮೊಳೆಗಳ ಮೊನೆ, ಅವಳ ಸ್ಟವ್. ಇಲ್ಲಿಗೂ ಒಂದು ಕೈ ಬಣ್ಣ ಹೊಡೆಯಿರಿ ಎಂದು ಕೇಳಿ ಕೇಳಿ ಅವಳ ಬಾಯಿ ಸೋತಿತ್ತು. “ಕ್ಯಾಮೆರಾ ಕಾಣದ ಕಡೆ ಯಾರಾದ್ರೂ ಬಣ್ಣ ಹೊಡೀತಾರೇನೇ?” ಎಂದು ಅವನು ಪ್ರತಿ ಸಲವೂ ನಗುತ್ತಿದ್ದ.

ಈಗ ಆಚೆಯಿಂದ ಅವನ ದನಿ ಕೇಳುತ್ತಿತ್ತು. “ಎಲ್ಲಾ ನಾನೊಬ್ನೇ ಮಾಡಿದ್ದು ಸಾರ್. ಇನ್ನೊಬ್ರ ಕೈ ಸೋಕಿಲ್ಲ.” ಮೊಳೆಯೊಂದು ರವಿಕೆ ದಾಟಿ ಅವಳ ಹೆಗಲಿಗೆ ಇಳಿದಿತ್ತು. ಕಾಲು ಜೋಮು ಹಿಡಿದಿತ್ತು. ಆದರೂ ಅವಳು ಮಿಸುಕಲಿಲ್ಲ.

“ಮನೆಯವರನ್ನೂ ಕರೀರಿ, ಗೋಡೆ ಮುಂದೆ ಇಬ್ಬರದೂ ಒಂದು ಫೋಟೋ ತೆಗೀತೀನಿ” ಎಂದರು ಬಂದವರು.

“ಅಯ್ಯೋ, ಅವಳಿಗೆ ಇದೆಲ್ಲ ತಲೆಗೆ ಹತ್ತಲ್ಲ ಬಿಡಿ” ಎಂದ ಗಂಡ ಗೋಡೆಗೆ ಬೆನ್ನು ಮಾಡಿ ನಿಂತು, ದನಿ ಏರಿಸಿದ. “ಲೇ, ಬಂದೋರಿಗೆ ಒಂದು ಟೀ ಕೊಡೋಕೆ ಎಷ್ಟೊತ್ತು? ಒಳಗೆ ಅದೇನು ಕಡಿದು ಗುಡ್ಡೆ ಹಾಕ್ತಿದೀಯ?”

“ಬಂದೆ ರೀ” ಎಂದು ಅವಳು ಗೋಡೆಯಿಂದ ಹೆಗಲು ತೆಗೆದಳು.