ನಾಲ್ಕು ದಿನದ ಹಾಲು

ಹಾಲಿನ ಡೈರಿಯ ಬಾಗಿಲಿಗೆ ಮತದಾರರ ಪಟ್ಟಿ ಅಂಟಿಸಿ, ಸೆಕ್ರೆಟರಿ ನಂದೀಶ್ ಕೈಗೆ ಮೆತ್ತಿದ ಗೋಂದನ್ನು ಒರೆಸಿಕೊಳ್ಳುತ್ತಿದ್ದ. ಮಾರಕ್ಕ ಬಂದಳು. ಈ ಸಲ ಡೈರಿ ಚುನಾವಣೆಗೆ ನಿಂತೇ ತೀರುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದವಳು. ಪಟ್ಟಿಯ ಮೇಲೆ ಬೆರಳಾಡಿಸಿ ಎರಡೆರಡು ಸಲ ಹುಡುಕಿದಳು.

“ನನ್ನ ಹೆಸ್ರೇ ಇಲ್ವಲ್ಲಪ್ಪಾ?”

“ನಿಂದು ನೂರಾ ಎಪ್ಪತ್ತಾರು ದಿನ ಆಗೈತೆ ಮಾರಕ್ಕ. ವರ್ಷಕ್ಕೆ ನೂರೆಂಬತ್ತು ದಿನ ಹಾಲು ಹಾಕಿದ್ರೇನೇ ಓಟು. ಚುನಾವಣೆಗೆ ನಿಲ್ಲೋಕೂ ಅಷ್ಟೇ. ರೂಲ್ಸು.”

“ಆ ನಾಲ್ಕು ದಿನ ನೀನೇ ಅಲ್ವೇನಪ್ಪಾ ವಾಪಸ್ ಕಳ್ಸಿದ್ದು? ಹಸೂಗೆ ಕೆಚ್ಚಲುಬಾವು, ಕುಂದಾಣದ ಡಾಕ್ಟ್ರು ಇಂಜೆಕ್ಷನ್ ಕೊಟ್ಟವ್ರೆ ಅಂತ ನಾನಾಗೇ ಬಂದು ಹೇಳ್ದೆ.”

“ಅದೂ ರೂಲ್ಸೇ ಕಣಕ್ಕ. ಇಂಜೆಕ್ಷನ್ ಆದ ಹಸೂನ ಹಾಲಲ್ಲಿ ಔಷಧಿ ಇರ್ತೈತೆ, ನಾಲ್ಕು ದಿನ ತಗೊಳ್ಳೋ ಹಂಗಿಲ್ಲ.”

ಎರಡೂ ನಿಯಮಗಳು ಎದುರಿನ ಗೋಡೆಯ ಮೇಲಿದ್ದವು. ನಂದೀಶನೇ ನೀಲಿ ಬಣ್ಣದಲ್ಲಿ, ಒಂದರ ಕೆಳಗೊಂದು, ಮುದ್ದಾಗಿ ಬರೆದದ್ದು. ಬೇರೆ ಬೇರೆಯಾಗಿ ಓದಿದರೆ ಎರಡರಲ್ಲೂ ಒಂದು ಹುಳುಕೂ ಇರಲಿಲ್ಲ. ಎರಡನ್ನೂ ಪಾಲಿಸಿದವಳು ಮಾತ್ರ ಈಗ ಪಟ್ಟಿಯಿಂದ ಹೊರಗೆ ನಿಂತಿದ್ದಳು.

“ಅಪ್ಪಯ್ಯಣ್ಣನ ಹಸೂಗೂ ಅದೇ ವಾರ ಸೂಜಿ ಚುಚ್ಚಿದ್ರು. ಅವ್ನ ಹೆಸ್ರು ಪಟ್ಟೀಲಿ ಮೇಲೇ ಐತೆ.”

“ಅವ್ರು ಹೇಳ್ಲಿಲ್ವಲ್ಲಕ್ಕ...”

ಆಡಿದ ಮೇಲೆ ನಂದೀಶ್ ನಾಲಗೆ ಕಚ್ಚಿಕೊಂಡ. ಮಾರಕ್ಕನ ನಾಲ್ಕು ದಿನವನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಮೇಲಿನವರಿಗೆ ಒಂದು ಕಾಗದ ಬರೆಯಬಹುದಿತ್ತು. ಬರೆದಿರಲಿಲ್ಲ. ಹಾಳಾದ ಸೋಮಾರಿತನಕ್ಕೆ ರೂಲ್ಸು ಎಂಬ ಹೆಸರಿಟ್ಟುಕೊಂಡು ಕೂತಿದ್ದ. ಅವಳ ಮುಖ ನೋಡಲು ನಾಚಿಕೆಯಾಗಿ, ಇಲ್ಲದ ಗೋಂದನ್ನು ಮತ್ತೆ ಒರೆಸಿಕೊಂಡ. ಮಾರಕ್ಕ ಜಗಳವಾಡಲಿಲ್ಲ. ಗೋಡೆಯನ್ನೊಮ್ಮೆ ನೋಡಿ ಹೊರಟುಹೋದಳು.

ಚುನಾವಣೆ ಮುಗಿದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮಾರಕ್ಕ ಹಾಲಿನ ಕ್ಯಾನನ್ನು ಮೇಜಿನ ಮೇಲಿಟ್ಟಳು. ಅವಳ ಬಲಗೈಗೆ ಮಣಿಕಟ್ಟಿನವರೆಗೂ ಅರಿಶಿನ, ಸುಣ್ಣದ ಕೆಂಪು ಹತ್ತಿತ್ತು. ಕೆಚ್ಚಲುಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವುದು ನಂದೀಶನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ಸಂಜೆ ಡಾಕ್ಟರ ಬೈಕು ಅವಳ ಕೊಟ್ಟಿಗೆಯ ಮುಂದೆ ನಿಂತಿದ್ದನ್ನೂ ನೋಡಿದ್ದ.

“ಹಸು ಹುಷಾರಾಗೈತಾ ಅಕ್ಕ?”

ಮಾರಕ್ಕ ಗೋಡೆಯ ಕಡೆ ನೋಡಿದಳು.

“ಹುಷಾರಾಗೈತೆ ಕಣಪ್ಪಾ. ಬರ್ಕೋ.”

ನಂದೀಶ್ ತಲೆ ಎತ್ತಲಿಲ್ಲ. ಹಾಲನ್ನು ಎಲ್ಲರ ಹಾಲಿಗೆ ಸುರಿದ. ಅವಳ ಹೆಸರಿನ ಮುಂದೆ ಒಂದು ದಿನ ಬರೆದುಕೊಂಡ.