ಒಂದೇ ಒಂದು ‘ಹೌದು’

“ನೆಟ್ ಕನೆಕ್ಷನ್ ನಿಮ್ಮ ಅಮ್ಮನ ಹೆಸರಲ್ಲಿದೆ ಸರ್, ಕಂಪ್ಲೇಂಟ್ ಅವರೇ ಹೇಳಬೇಕು,” ಎಂದಳು ಹೆಲ್ಪ್‌ಲೈನಿನ ಹುಡುಗಿ.

“ಅಮ್ಮನಿಗೆ ಕಿವಿ ಕೇಳಲ್ಲ, ಮಾತೂ ಬರಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?” ಕೂಗಾಡಿ ಕೂಗಾಡಿ ಮಗನ ಗಂಟಲು ಹರಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ದೂರದೂರಿನ ಬಾಣಂತಿ ಮಗಳ ಜೊತೆ ಅಮ್ಮ ಕೈಸನ್ನೆಯಲ್ಲಿ ಹರಟುತ್ತಿದ್ದುದು ವಿಡಿಯೊ ಕಾಲ್‌ನಲ್ಲೇ. ನೆಟ್ ಹೋದಾಗಿನಿಂದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

“ಬರೀ ‘ಹೌದು’ ಅಂದ್ರೂ ಸಾಕು ಸರ್.”

ಬೇರೆ ದಾರಿ ಕಾಣದೆ ಫೋನನ್ನು ಅಮ್ಮನ ಮುಖದ ಮುಂದೆ ಹಿಡಿದು, ‘ಹೌದು ಅನ್ನು ಅಮ್ಮ’ ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡಿದ. ಅಮ್ಮ ಮುಖವರಳಿಸಿ ಜೋರಾಗಿ ತಲೆಯಾಡಿಸಿದಳು.

“ಗ್ರಾಹಕರಿಂದ ಉತ್ತರ ಬರಲಿಲ್ಲ ಸರ್, ಕಂಪ್ಲೇಂಟ್ ಕ್ಲೋಸ್ ಮಾಡ್ತಿದ್ದೀನಿ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯಾ?”

ಅಮ್ಮ ಇನ್ನೂ ತಲೆಯಾಡಿಸುತ್ತಲೇ ಇದ್ದಳು.